ಕಲ್ಲು ಓದಲು ಹೊರಟ ವರ್ಷ

ಪಿಯುಸಿ ಮುಗಿದ ಬೇಸಿಗೆಯಲ್ಲಿ ನನಗೆ ತುಮಕೂರಿನ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕಿತು. ಸಿಇಟಿಯಲ್ಲಿ ನನಗೆ ಬಂದಿದ್ದ ರ‍್ಯಾಂಕಿಗೆ ಅದು ಸಿಕ್ಕಿದ್ದೇ ದೊಡ್ಡದು ಎಂದು ಎಲ್ಲರೂ ಹೇಳಿದರು. ಹುಳಿಯಾರಿನಲ್ಲಿ ನಮ್ಮಪ್ಪನದು ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ. ಅವತ್ತು ಅಂಗಡಿಗೆ ಬಂದವರಿಗೆಲ್ಲ ಅಪ್ಪ ಟೀ ಕುಡಿಸಿದ. ಅಮ್ಮ ಮನೆದೇವರಿಗೆ ಹಣ್ಣುಕಾಯಿ ಮಾಡಿಸಿಕೊಂಡು ಬಂದಳು. ಆ ರಾತ್ರಿ ಊಟಕ್ಕೆ ಕೂತಾಗ ನಾನು ಆ ಸೀಟು ನನಗೆ ಬೇಡ ಅಂದೆ.

ಅಪ್ಪ ಮುದ್ದೆ ಮುರಿಯುತ್ತಿದ್ದವನು ತಲೆಯೆತ್ತಿದ. "ಬ್ಯಾಡ್ವಾ? ಯಾಕವ್ವಾ?"

"ನಾನು ಬಿಎಸ್ಸಿ ಸೇರ್ತೀನಪ್ಪ. ಜಿಯಾಲಜಿ ತಗೋತೀನಿ."

"ಏನ್ ಲಜಿ?"

"ಭೂವಿಜ್ಞಾನ. ಕಲ್ಲು, ಮಣ್ಣು, ಒಳಗಿನ ನೀರು, ಇದರ ಬಗ್ಗೆ ಓದೋದು."

ಸಾರು ಬಡಿಸುತ್ತಿದ್ದ ಅಮ್ಮ ಸೌಟನ್ನು ಪಾತ್ರೆಗೆ ಹಾಕಿ ಸೊಂಟದ ಮೇಲೆ ಕೈಯಿಟ್ಟಳು. "ಕಲ್ಲು ಓದ್ತೀಯಾ? ನಮ್ ಹೊಲದ ಬದಿನಾಗೆ ಬೇಕಾದಂಗೆ ಬಿದ್ದವೆ ಕಣೇ. ಇಲ್ಲೇ ಕುತ್ಕಂಡು ಓದು. ಅದಕ್ಯಾಕೆ ತುಮಕೂರು?"

ನನಗೂ ನಗು ಬಂತು. ಅಪ್ಪ ಮಾತ್ರ ನಗಲಿಲ್ಲ.

ಈ ಆಸೆ ನನಗೆ ಎಲ್ಲಿಂದ ಬಂತು ಎಂದು ಹೇಳಬೇಕು. ನಮ್ಮೂರು ಕೆಂಕೆರೆಗೆ ಹತ್ತಿರ. ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ ನಮ್ಮ ತೆಂಗಿನ ತೋಟದಲ್ಲಿ ಬೋರು ಕೊರೆಸಿದರು. ಲಾರಿಯ ಸದ್ದಿಗೆ ಪಕ್ಕದವರ ಮಾತೂ ಕೇಳುತ್ತಿರಲಿಲ್ಲ. ಕಬ್ಬಿಣದ ರಾಡು ಒಂದೊಂದೇ ಇಳಿದ ಹಾಗೆ ಮೇಲೆ ಬರುವ ಪುಡಿಯನ್ನು ಕೊರೆಯುವವರು ಸಲಿಕೆಯಲ್ಲಿ ಎತ್ತಿ ಬದುವಿನ ಮೇಲೆ ಸಾಲಾಗಿ ಗುಡ್ಡೆ ಹಾಕುತ್ತಿದ್ದರು. ಮೊದಲು ಕೆಂಪು ಮಣ್ಣು. ಆಮೇಲೆ ಅಕ್ಕಿಹಿಟ್ಟಿನಂಥ ಬಿಳಿ. ಅದಾದ ಮೇಲೆ ಬೂದಿ ಬಣ್ಣ. ಕೊನೆಗೆ ಕಪ್ಪು, ಆದರೆ ಬಿಸಿಲಿಗೆ ಹಿಡಿದರೆ ಒಳಗೆ ಹಸಿರು ಕಾಣುವ ಕಪ್ಪು. ನೀರು ಚಿಮ್ಮಿದಾಗ ಎಲ್ಲರೂ ಅತ್ತ ಓಡಿದರು. ನಾನು ಗುಡ್ಡೆಗಳ ಹತ್ತಿರವೇ ಕೂತಿದ್ದೆ. ನಾವು ದಿನಾ ಓಡಾಡುವ ನೆಲದ ಕೆಳಗೆ ಇಷ್ಟೆಲ್ಲ ಇದೆ ಅನ್ನುವುದೇ ನನಗೆ ನಂಬಲಾಗಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ಬೇಲಿಯಾಚೆಯ ತೋಟದವರೂ ಕೊರೆಸಿದರು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆದು ನೀರಿನ ಜಾಗ ತೋರಿಸುವವರು ಇಬ್ಬರಿಗೂ ಒಬ್ಬರೇ. ನಮ್ಮಲ್ಲಿ ನೀರು ಬಂತು, ಅವರಲ್ಲಿ ಬರೀ ಧೂಳು. ಯಾಕೆ ಎಂದು ಕೇಳಿದ್ದಕ್ಕೆ ಕಾಯಿ ಹಿಡಿದವರು "ಅವ್ರವ್ರ ಋಣ ಕಣವ್ವ" ಅಂದರು. ಆ ತೋಟದವರು ಇನ್ನೊಂದು ಮೂಲೆಯಲ್ಲಿ ಕೊರೆಸಿ ನೀರು ಕಂಡರು, ಅವರ ಮಟ್ಟಿಗೆ ಮಾತು ಮುಗಿಯಿತು. ನನಗೆ ಮುಗಿಯಲಿಲ್ಲ. ಬೇಲಿಯ ಆ ಕಡೆಗೂ ಈ ಕಡೆಗೂ ಭೂಮಿಯೊಳಗೆ ವ್ಯತ್ಯಾಸವೇನು ಎಂದು ಕಂಡವರನ್ನೆಲ್ಲ ಕೇಳುತ್ತಿದ್ದೆ.

ಉತ್ತರ ಸಿಕ್ಕಿದ್ದು ತಿಪಟೂರಿನಲ್ಲಿ. ಹಾಸ್ಟೆಲಿನಲ್ಲಿದ್ದುಕೊಂಡು ಪಿಯುಸಿ ಓದುತ್ತಿದ್ದೆ. ಒಮ್ಮೆ ಊರಿನಲ್ಲಿ ಯಾರೋ ಬೋರು ಕೊರೆಸಿದಾಗ ಪುಡಿಗಳನ್ನು ಪೊಟ್ಟಣ ಕಟ್ಟಿಕೊಂಡು ಹೋಗಿ ಕೆಮಿಸ್ಟ್ರಿ ಮೇಷ್ಟ್ರ ಮುಂದೆ ಬಿಚ್ಚಿದೆ. ಅವರು ಕನ್ನಡಕ ಹಣೆಗೇರಿಸಿ ಒಂದೊಂದನ್ನೂ ಬೆರಳಿನಲ್ಲಿ ಉಜ್ಜಿ ನೋಡಿದರು.

"ಇದು ಬೆಣಚುಕಲ್ಲು. ಇದು ಬೇರೆ ಜಾತಿ, ಹಸಿರು ಕಾಣ್ತಿದೆಯಲ್ಲ. ಎರಡು ಜಾತಿ ಕಲ್ಲು ಕೂಡೋ ಕಡೆ ಸಾಮಾನ್ಯವಾಗಿ ಬಿರುಕು ಇರುತ್ತಮ್ಮ. ನೀರು ಅಲ್ಲಿ ಸೇರ್ಕೊಳುತ್ತೆ."

"ಇದನ್ನ ಓದೋಕಾಗುತ್ತಾ ಸಾರ್?"

"ಯಾಕಾಗಲ್ಲ? ಡಿಗ್ರಿಯಲ್ಲಿ ನಾನೇ ಓದಿದೀನಿ. ಆಮೇಲೆ ಕೆಮಿಸ್ಟ್ರಿ ಹಿಡಿದೆ. ಹೊಟ್ಟೆಪಾಡು ನೋಡ್ಬೇಕಲ್ಲ" ಎಂದು ನಕ್ಕರು. ಮೊದಲ ಮಾತು ನನ್ನ ಆಸೆಯನ್ನು ಗಟ್ಟಿ ಮಾಡಿತು. ಎರಡನೆಯ ಮಾತು ಮನಸ್ಸಿನಲ್ಲಿ ಮುಳ್ಳಿನ ಹಾಗೆ ಉಳಿಯಿತು.

ಹಾಗಾಗಿ ಅಪ್ಪ ಅಮ್ಮನ ಭಯ ನನಗೆ ಅರ್ಥವಾಗದೆ ಇರಲಿಲ್ಲ. ಕಂಪ್ಯೂಟರ್ ಎಂದರೆ ನನಗೆ ಅಸಹ್ಯವೇನೂ ಇರಲಿಲ್ಲ. ಓದಿದ್ದರೆ ಪಾಸಾಗುತ್ತಿದ್ದೆ, ಓದು ಮುಗಿಯುವ ಹೊತ್ತಿಗೆ ಸಂಬಳವೂ ಬರುತ್ತಿತ್ತು. ಹಾಸ್ಟೆಲಿನ ನನ್ನ ಗೆಳತಿಯರೆಲ್ಲ ಆ ಲೆಕ್ಕದಲ್ಲೇ ಸೀಟು ಹಿಡಿದಿದ್ದರು, ಅವರದು ತಪ್ಪು ಎಂದು ನನಗೆ ಆಗಲೂ ಅನ್ನಿಸಿರಲಿಲ್ಲ. ಆದರೆ ನನ್ನೊಳಗೆ ಒಂದು ಹಟವಿತ್ತು. ಬೋರಿನ ಲಾರಿ ನಿಂತಾಗ ಹತ್ತು ಜನ ಗಂಡಸರು ಆ ಗುಂಡಿಯ ಸುತ್ತ ಬಾಯಿ ಮುಚ್ಚಿಕೊಂಡು ನಿಲ್ಲುತ್ತಾರಲ್ಲ, ಆಗ ಕೆಳಗೇನಿದೆ ಎಂದು ಹೇಳುವವಳು ನಾನಾಗಬೇಕು. ಬರೀ ಕುತೂಹಲವಾಗಿದ್ದರೆ ಬಿಟ್ಟುಬಿಡಬಹುದಿತ್ತು. ಇದು ಬಿಡುವಂಥದ್ದಾಗಿರಲಿಲ್ಲ.

ಆ ವಾರವೇ ಅಟ್ಟದಿಂದ ಕಾಯಿ ಇಳಿಸಿ ಕೊಬ್ಬರಿ ಮಾಡಿಸುವ ಕೆಲಸವಿತ್ತು. ಚಿಪ್ಪು ಬಿಡಿಸಲು ಬಂದ ಹೆಂಗಸರು ಅಂಗಳದಲ್ಲಿ ಕೂತಿದ್ದರು. ಸುದ್ದಿ ಆಗಲೇ ಹಬ್ಬಿತ್ತು.

"ಕಂಪ್ಯೂಟ್ರು ಬುಟ್ಟು ಕಲ್ಲು ಓದ್ತೀನಿ ಅಂತಾವ್ಳಂತೆ, ದಿಟವೇನವ್ವಾ?" ಎಂದು ಒಬ್ಬಾಕೆ ಅಮ್ಮನನ್ನು ಕೇಳಿದಳು.

"ನೀನೇ ಕೇಳು ಅವ್ಳನ್ನ. ನೆಳ್ಳಾಗೆ ಕುಂತು ಮಾಡೋ ಕೆಲ್ಸ ಬುಟ್ಟು ಬಿಸ್ಲಾಗೆ ಸುತ್ತೋ ಆಸೆ ಇವ್ಳಿಗೆ" ಅಂದಳು ಅಮ್ಮ. ಅವಳ ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು. ಮಗಳ ಮೈಗೆ ಬಿಸಿಲು ತಾಕಬಾರದು ಎಂದೇ ಅವಳು ಅಷ್ಟು ವರ್ಷ ತಾನು ಬಿಸಿಲಿನಲ್ಲಿ ನಿಂತವಳು. ನಾನು ಅವರ ಪಕ್ಕ ಕೂತು ಕೊಬ್ಬರಿ ಆರಿಸಿ ಚೀಲಕ್ಕೆ ತುಂಬಿದೆ.

ಚೀಲಗಳನ್ನೆಲ್ಲ ಹೊಲಿದು ಇಟ್ಟ ಮೇಲೆ ಅಪ್ಪ ನನ್ನನ್ನು ಕರೆದ. ಅವನದು ಕೂಗಾಡುವ ಸ್ವಭಾವವಲ್ಲ. ಮೋಟರು ಸುಟ್ಟರೂ ಅಷ್ಟೆ, ಮಗಳು ಹಟ ಹಿಡಿದರೂ ಅಷ್ಟೆ, ಮೊದಲು ಎಲ್ಲಿ ಕೆಟ್ಟಿದೆ ಎಂದು ನೋಡುವವನು.

"ನೋಡು ಮಗ. ಓದು ಬ್ಯಾಡ ಅನ್ನಲ್ಲ. ಆದ್ರೆ ಇದನ್ನ ಓದಿದೋರು ಆಮೇಲೆ ಎಲ್ಲಿ ಕುಂತ್ಕಂತಾರೆ, ಏನ್ ಮಾಡ್ತಾರೆ? ನಂಗೆ ಒಬ್ಬರನ್ನ ತೋರ್ಸು. ಕಣ್ಣಾರೆ ನೋಡಿ ಆಮೇಲೆ ಹೇಳ್ತೀನಿ."

"ತೋರಿಸ್ತೀನಿ" ಅಂದೆ. ಯಾರನ್ನು ತೋರಿಸುವುದು ಎಂದು ನನಗೇ ಗೊತ್ತಿರಲಿಲ್ಲ.

ಕೆಮಿಸ್ಟ್ರಿ ಮೇಷ್ಟ್ರಿಗೆ ಫೋನು ಮಾಡಿದೆ. ಅವರ ಜೊತೆ ಓದಿದವರೊಬ್ಬರು ತುಮಕೂರಿನಲ್ಲಿ ಅಂತರ್ಜಲದ ಕೆಲಸದಲ್ಲಿದ್ದಾರೆ, ಹೋಗಿ ನೋಡಿ ಎಂದು ವಿಳಾಸ ಹೇಳಿದರು. ಮಾರನೆಯ ದಿನ ಅಪ್ಪ ಅಂಗಡಿಗೆ ಬಾಗಿಲು ಹಾಕಿದ. ಇಬ್ಬರೂ ಬಸ್ಸು ಹತ್ತಿದೆವು.

ನಾನು ಗಂಡಸನ್ನು ನಿರೀಕ್ಷಿಸಿದ್ದೆ. ಕುರ್ಚಿಯಲ್ಲಿದ್ದವರು ಅಪ್ಪನ ಅಕ್ಕನ ವಯಸ್ಸಿನ ಹೆಂಗಸು. ಹತ್ತಿ ಸೀರೆ, ಕಾಲಿಗೆ ಶೂ. ಸೀರೆ ಉಟ್ಟು ಶೂ ಹಾಕಿದವರನ್ನು ನಾನು ನೋಡಿದ್ದು ಅದೇ ಮೊದಲು. ಅಪ್ಪ ಬಾಗಿಲಲ್ಲೇ ನಿಂತು ಕೈಮುಗಿದ. ಅವರು ನಮ್ಮನ್ನು ಕೂರಿಸಿ ವಿಷಯವೆಲ್ಲ ಕೇಳಿಸಿಕೊಂಡರು. ನನ್ನನ್ನು ಹೊಗಳುತ್ತಾರೆ ಎಂದುಕೊಂಡಿದ್ದೆ. ಹೊಗಳಲಿಲ್ಲ.

"ಬರೀ ಬಿಎಸ್ಸಿ ಮಾಡಿದ್ರೆ ಏನೂ ಸಿಗಲ್ಲ. ಎಂಎಸ್ಸಿ ಮಾಡಲೇಬೇಕು. ಅದಾದ ಮೇಲೂ ಸರ್ಕಾರಿ ಹುದ್ದೆ ಯಾವಾಗ ಕರೀತಾರೋ ಹೇಳೋಕಾಗಲ್ಲ. ಗುತ್ತಿಗೆ ಕೆಲಸ ಸಿಗುತ್ತೆ, ಅದು ವರ್ಷ ವರ್ಷ ಮುಗಿಯುತ್ತೆ. ಖಾಸಗಿಯಲ್ಲಿ ಗಣಿ ಕಂಪನಿಗಳಿವೆ, ಅಲ್ಲಿ ಹುಡುಗಿಯರನ್ನ ತಗೊಳ್ಳೋಕೆ ಮೀನಮೇಷ ಎಣಿಸ್ತಾರೆ. ಇದೆಲ್ಲ ಗೊತ್ತಿದ್ದೂ ಬರ್ತೀಯಾ?"

"ಬರ್ತೀನಿ ಮೇಡಂ" ಅಂದೆ.

ಅಪ್ಪ ಕೇಳಿದ, "ಹೆಣ್ಮಕ್ಳು ಈ ಕೆಲ್ಸಕ್ಕೆ ಬತ್ತಾರಾ ಮೇಡಂ?"

"ನಾನು ಬಂದಿದ್ದೀನಲ್ಲ ಯಜಮಾನ್ರೇ" ಎಂದು ಅವರು ನಕ್ಕರು. "ಬಾಯಲ್ಲಿ ಹೇಳಿದ್ರೆ ಗೊತ್ತಾಗಲ್ಲ. ನಾಳೆ ಬೆಳಗ್ಗೆ ತುರುವೇಕೆರೆ ಕಡೆ ಸಂಪಿಗೆ ಊರಿನ ಹತ್ತಿರ ಒಂದು ಸ್ಕೂಲಿಗೆ ಬೋರ್ ಪಾಯಿಂಟ್, ಅಂದ್ರೆ ಎಲ್ಲಿ ಕೊರೀಬೇಕು ಅಂತ ನೋಡೋಕೆ ಹೋಗ್ತಿದ್ದೀನಿ. ಬಂದು ನೋಡಿ."

ಸಂಪಿಗೆ ಎಂದಾಗ ನಮಗೆ ಅನುಕೂಲವೇ ಆಯಿತು. ಅಪ್ಪನ ಅಕ್ಕ, ನಮ್ಮತ್ತೆ, ಮಾಯಸಂದ್ರದಲ್ಲಿ ಪ್ರೈಮರಿ ಸ್ಕೂಲು ಟೀಚರು. ನಮ್ಮ ವಂಶದಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು. ಅಲ್ಲಿಂದ ಸಂಪಿಗೆ ದೂರವಿಲ್ಲ. ಸಂಜೆಯ ಬಸ್ಸಿಗೆ ಮಾಯಸಂದ್ರಕ್ಕೆ ಹೋಗಿ ಅವಳ ಮನೆಯಲ್ಲಿ ಉಳಿದೆವು.

ಅತ್ತೆಗೆ ವಿಷಯ ಫೋನಿನಲ್ಲೇ ಮುಟ್ಟಿತ್ತು. ಅವಳು ಅಮ್ಮನ ಪರ ವಾದಿಸುತ್ತಾಳೆ ಎಂದು ಎದೆ ಗಟ್ಟಿ ಮಾಡಿಕೊಂಡೇ ಹೋಗಿದ್ದೆ. ಅವಳು ಹಲಸಿನ ಬೀಜ ಸುಲಿಯುತ್ತಾ ಮಾತು ತೆಗೆದಳು.

"ಆಸೆ ಪಡೋದು ತಪ್ಪಲ್ಲ ಕಣೇ. ಆದ್ರೆ ಬರೀ ಆಸೆ ಊಟ ಹಾಕಲ್ಲ. ಬಿಎಸ್ಸಿಲಿ ಅದೊಂದೇ ವಿಷಯ ಓದ್ತೀಯಾ?"

"ಇಲ್ಲ ಅತ್ತೆ. ಇನ್ನೆರಡು ತಗೋಬೇಕು."

"ಹಂಗಿದ್ರೆ ಮ್ಯಾತ್ಸ್ ತಗೋ."

"ಮ್ಯಾತ್ಸ್ ಕಷ್ಟ ಅತ್ತೆ. ಜಿಯಾಲಜಿ ಜೊತೆಗೆ ಸುಲಭವಾಗಿರೋದು ಬೇರೆ ಇದಾವೆ. ಅದನ್ನ ತಗೊಂಡ್ರೆ ಇದಕ್ಕೆ ಟೈಮ್ ಸಿಗುತ್ತೆ."

"ಕಷ್ಟ ಅಂತ್ಲೇ ಹೇಳ್ತಿರೋದು. ಮ್ಯಾತ್ಸ್ ಓದ್ಕೊಂಡೋರು ಯಾವ ಊರಿಗೆ ಹೋದ್ರೂ ಉಪವಾಸ ಬೀಳಲ್ಲ. ನಾಳೆ ನಿನ್ನ ಕಲ್ಲು ಕೈ ಕೊಟ್ರೆ ಸ್ಕೂಲೋ ಕಾಲೇಜೋ ಇದ್ದೇ ಇರುತ್ತೆ. ಇದಕ್ಕೆ ಒಪ್ಪಿದ್ರೆ ನಿಮ್ಮಮ್ಮನ ಹತ್ರ ನಾನು ಮಾತಾಡ್ತೀನಿ."

ನನಗೆ ಬೇಸರವಾಯಿತು. ನಾನು ಸೋಲುತ್ತೇನೆ ಎಂದು ಅವಳು ಈಗಲೇ ತೀರ್ಮಾನಿಸಿದ್ದಾಳೆ ಅನ್ನಿಸಿತು. ಅಪ್ಪ ಗೋಡೆಗೆ ಒರಗಿ ಕೂತಿದ್ದ. ಆ ಕ್ಷಣದಲ್ಲಿ ಹೂಂ ಅನ್ನಲಿಲ್ಲ ನಾನು. ಬೆಳಗ್ಗೆ ಎದ್ದು ಹಲ್ಲುಜ್ಜುವಾಗ ಯೋಚಿಸಿದೆ. ನನಗೆ ಬೇಕಾದ್ದು ಜಿಯಾಲಜಿ. ಅದರ ಪಕ್ಕದಲ್ಲಿ ಏನು ಕೂತರೆ ನನಗೇನು? ಕಷ್ಟವಾದರೆ ಕಷ್ಟ. ಕಾಫಿ ಕೊಡಲು ಬಂದ ಅತ್ತೆಗೆ "ಆಯ್ತು, ಮ್ಯಾತ್ಸ್ ತಗೋತೀನಿ" ಅಂದೆ.

ಸಂಪಿಗೆಯ ಹತ್ತಿರದ ಆ ಸ್ಕೂಲು ಒಂದು ತೋಟದ ಅಂಚಿನಲ್ಲಿತ್ತು. ನಾವು ಹೋಗುವಷ್ಟರಲ್ಲಿ ಮೇಡಂ ಬಂದು ಕೆಲಸ ಶುರು ಮಾಡಿದ್ದರು. ಮೈದಾನದ ನಡುವೆ ಒಂದು ಪೆಟ್ಟಿಗೆ, ಅದರ ಎರಡೂ ಕಡೆಗೆ ಹಾವಿನ ಹಾಗೆ ಹರಿದ ವೈರು, ವೈರಿನ ತುದಿಗೆ ನೆಲದಲ್ಲಿ ನೆಟ್ಟ ಕಬ್ಬಿಣದ ಗೂಟಗಳು. ಇಬ್ಬರು ಆಳುಗಳು ಸುತ್ತಿಗೆಯಲ್ಲಿ ಗೂಟ ಹೊಡೆಯುವುದು, ಮೇಡಂ ಪೆಟ್ಟಿಗೆ ನೋಡಿ ಅಂಕಿ ಬರೆದುಕೊಳ್ಳುವುದು, ಮತ್ತೆ ಗೂಟ ಕಿತ್ತು ಇನ್ನಷ್ಟು ದೂರಕ್ಕೆ ನೆಡುವುದು. ಹೀಗೇ ನಡೆಯುತ್ತಿತ್ತು.

ಅಪ್ಪ ಮೊದಲು ದೂರದಲ್ಲಿ ಕೈಕಟ್ಟಿ ನಿಂತಿದ್ದ. ಸ್ವಲ್ಪ ಹೊತ್ತಿಗೆ ಹತ್ತಿರ ಬಂದ. ಇನ್ನೂ ಸ್ವಲ್ಪ ಹೊತ್ತಿಗೆ ಪೆಟ್ಟಿಗೆಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತುಬಿಟ್ಟ.

"ಮೇಡಂ, ಇದ್ರಾಗೆ ಏನ್ ನೋಡ್ತೀರಿ ನೀವು?"

"ಭೂಮಿಗೆ ಕರೆಂಟು ಕೊಟ್ಟು ಅದು ಎಷ್ಟು ತಡೆಯುತ್ತೆ ಅಂತ ನೋಡ್ತೀವಿ. ಗಟ್ಟಿ ಬಂಡೆ ಇದ್ರೆ ಕರೆಂಟು ಹರಿಯಲ್ಲ. ನೀರು ತುಂಬಿದ ಬಿರುಕಿದ್ರೆ ಸಲೀಸಾಗಿ ಹರಿಯುತ್ತೆ. ಗೂಟ ದೂರ ದೂರ ಹಾಕಿದಷ್ಟೂ ಆಳದ್ದು ಗೊತ್ತಾಗುತ್ತೆ."

ಅಪ್ಪನ ಮುಖ ಅರಳಿದ್ದನ್ನು ನಾನು ನೋಡಿದೆ. "ಇದು ನಮ್ ಮೆಗ್ಗರ್ ಇದ್ದಂಗೇ ಐತಲ್ಲ ಮೇಡಂ!" ಅಂದ. ಮೆಗ್ಗರ್ ಅಂದರೆ ಅವನ ಅಂಗಡಿಯಲ್ಲಿ ಇದ್ದ ಮೀಟರು. ಸುತ್ತಿದ ತಂತಿಯಲ್ಲಿ ಎಲ್ಲಾದರೂ ಕರೆಂಟು ಸೋರುತ್ತಿದೆಯೋ ಎಂದು ಅದನ್ನು ತಿರುಗಿಸಿ ನೋಡುತ್ತಾರೆ.

"ಹೆಚ್ಚೂ ಕಡಿಮೆ ಹಂಗೇ. ನೀವು ಮೋಟರಿಗೆ ಮಾಡೋದನ್ನ ನಾವು ನೆಲಕ್ಕೆ ಮಾಡ್ತೀವಿ ಅಷ್ಟೆ."

ಆಮೇಲೆ ಅಪ್ಪನನ್ನು ಹಿಡಿಯುವವರಿಲ್ಲ. ಮಣ್ಣು ಒಣಗಿದ್ದರೆ ಏನಾಗುತ್ತದೆ, ಮೇಲೆ ಕರೆಂಟಿನ ಲೈನು ಹಾದುಹೋಗಿದ್ದರೆ ಅಂಕಿ ತಪ್ಪುತ್ತದೆಯೇ, ಬ್ಯಾಟರಿ ಎಷ್ಟರದು, ಎಲ್ಲ ಕೇಳಿದ. ಮೇಡಂ ಬೇಸರವಿಲ್ಲದೆ ಹೇಳಿದರು. ಅಂಕಿಗಳನ್ನು ಬರೆಯುವ ಕೆಲಸವನ್ನು ನನಗೆ ಕೊಟ್ಟರು. ಬಿಸಿಲು ಚುರುಚುರು ಅನ್ನುತ್ತಿತ್ತು. ಅಮ್ಮ ಹೇಳಿದ್ದು ನಿಜ, ಇದು ನೆರಳಿನ ಕೆಲಸವಲ್ಲ. ಬೆವರು ಹಾಳೆಯ ಮೇಲೆ ತೊಟ್ಟಿಕ್ಕದಂತೆ ಒರೆಸಿಕೊಳ್ಳುತ್ತಾ ಬರೆದೆ. ಎದ್ದು ನೆರಳಿಗೆ ಹೋಗಬೇಕು ಎಂದು ಒಮ್ಮೆಯೂ ಅನ್ನಿಸಲಿಲ್ಲ. ಅಲ್ಲಿಯವರೆಗೆ ನನ್ನೊಳಗೆ ಮೂಲೆಯಲ್ಲೆಲ್ಲೋ ಇದ್ದ ಅನುಮಾನ ಆ ಮೈದಾನದಲ್ಲಿ ಕಳೆಯಿತು.

ಬಸ್ ಸ್ಟಾಂಡಿಗೆ ನಡೆದು ಬರುವಾಗ ಅಪ್ಪ ಒಂದೇ ಮಾತು ಹೇಳಿದ. "ಕೆಲ್ಸ ಐತೆ. ಕಷ್ಟದ ಕೆಲ್ಸ. ಆದ್ರೆ ಕೆಲ್ಸ ಐತೆ."

ಸೀಟು ಒಪ್ಪುವುದೋ ಬಿಡುವುದೋ ಎಂದು ತಿಳಿಸುವ ಕೊನೆಯ ದಿನ ನಾವಿಬ್ಬರೂ ಹುಳಿಯಾರಿನ ಸೈಬರ್ ಸೆಂಟರಿಗೆ ಹೋದೆವು. ಕಂಪ್ಯೂಟರಿನಲ್ಲಿ ನಾಲ್ಕು ಆಯ್ಕೆ ಇರುತ್ತವೆ. ಮೊದಲನೆಯದು ಒತ್ತಿದರೆ ಸೀಟು ನಮ್ಮದು. ನಾಲ್ಕನೆಯದು ಒತ್ತಿದರೆ ಸೀಟೂ ಹೋಯಿತು, ಮುಂದಿನ ಸುತ್ತುಗಳೂ ಹೋದವು. ನಾಲ್ಕು ಎಂದಾಗ ಸೆಂಟರಿನ ಹುಡುಗ ನಮ್ಮಿಬ್ಬರನ್ನೂ ದಿಟ್ಟಿಸಿದ.

"ಕಂಪ್ಯೂಟರ್ ಸೈನ್ಸ್ ಕಣಣ್ಣ. ಬಿಟ್ರೆ ವಾಪಸ್ ಬರಲ್ಲ."

ಅಪ್ಪ ನನ್ನ ಕಡೆ ನೋಡಿದ. "ನೀನೇ ಒತ್ತವ್ವಾ. ನಾಳೆ ನಮ್ಮಪ್ಪ ಒತ್ತಿದ ಅಂತ ಅನ್ಬಾರ್ದು."

ಹುಡುಗ ಕುರ್ಚಿ ಬಿಟ್ಟುಕೊಟ್ಟ. ನಾನು ಕೂತು ಒತ್ತಿದೆ. ಹೊರಗೆ ಬಂದಾಗ ಅಪ್ಪ ಎರಡು ಎಳನೀರು ಕೆತ್ತಿಸಿದ. ತೆಂಗಿನ ತೋಟದವರು ದುಡ್ಡು ಕೊಟ್ಟು ಎಳನೀರು ಕುಡಿಯುವುದು ಅಪರೂಪ. ಇಬ್ಬರೂ ಅಲ್ಲೇ ನಿಂತು ಕುಡಿದೆವು.

ಅಮ್ಮ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಅತ್ತೆ ಬಂದು ಮಾತಾಡಿದಳು. ಏನು ಮಾತಾಡಿದಳೋ ನನಗೆ ಗೊತ್ತಿಲ್ಲ, ಹಿತ್ತಲಲ್ಲಿ ಇಬ್ಬರೇ ಕೂತಿದ್ದರು. ಆಮೇಲೆ ಅಮ್ಮ ಒಳಗೆ ಬಂದು, "ತಲೆಗೆ ಎಣ್ಣೆ ಹಾಕ್ತೀನಿ ಬಾ. ಬಿಸ್ಲಾಗೆ ತಿರುಗೋಳಿಗೆ ಕೂದ್ಲು ಉಳೀಬೇಕಲ್ಲ" ಅಂದಳು. ಅಷ್ಟೇ ಅವಳ ಒಪ್ಪಿಗೆ.

ತುಮಕೂರಿನ ಕಾಲೇಜಿನಲ್ಲಿ ಜಿಯಾಲಜಿ ತರಗತಿಗೆ ಬೆರಳೆಣಿಕೆಯಷ್ಟು ಜನ. ಹುಡುಗಿಯರು ನಾನು ಮತ್ತು ಇನ್ನೊಬ್ಬಳು. ಅವಳೂ ಮೊದಲ ವರ್ಷವೇ ಬಿಟ್ಟು ನರ್ಸಿಂಗ್ ಸೇರಿದಳು. ಹರಳುಗಳ ಪಾಠ ನನ್ನ ತಲೆಗೆ ಹತ್ತದೆ ಒಂದು ಪರೀಕ್ಷೆಯಲ್ಲಿ ಫೇಲಾದೆ. ಇಂಜಿನಿಯರಿಂಗ್ ಸೇರಿದ್ದ ಗೆಳತಿಯರು ಹೊಸ ಲ್ಯಾಪ್‌ಟಾಪಿನ ಫೋಟೋ ಕಳಿಸುತ್ತಿದ್ದರು. ಕೆಲವು ಸಂಜೆ ಹಾಸ್ಟೆಲಿನ ಟೆರೇಸಿನ ಮೇಲೆ ಕೂತು, ನಾನು ಮಾಡಿದ್ದು ಸರಿಯೇ ಎಂದು ಕೇಳಿಕೊಂಡಿದ್ದೇನೆ. ಉತ್ತರ ಪ್ರತಿ ಸಲ ಒಂದೇ ಬರುತ್ತಿರಲಿಲ್ಲ. ಆದರೆ ಪ್ರತಿ ಸಲ ಕೆಳಗಿಳಿದು ಹೋಗಿ ಪುಸ್ತಕ ತೆಗೆಯುತ್ತಿದ್ದೆ. ಫೇಲಾದ ವಿಷಯವನ್ನು ಮತ್ತೆ ಬರೆದು ಪಾಸು ಮಾಡಿದೆ.

ಮೊದಲ ಫೀಲ್ಡ್ ಟ್ರಿಪ್ಪಿನಲ್ಲಿ ನಮ್ಮ ಚಿಕ್ಕನಾಯಕನಹಳ್ಳಿ ಕಡೆಯ ಗುಡ್ಡಗಳಿಗೇ ಕರೆದುಕೊಂಡು ಬಂದರು. ಬಸ್ಸಿನ ಕಿಟಕಿಯಿಂದ ಹುಟ್ಟಿದಾಗಿನಿಂದ ನೋಡಿದ್ದ ಗುಡ್ಡ. ಜಿಯಾಲಜಿ ಮೇಷ್ಟ್ರು ಒಂದು ಬಂಡೆಯ ಮೇಲಿನ ಗೆರೆಗಳನ್ನು ತೋರಿಸಿ, ಇದು ಒಂದಾನೊಂದು ಕಾಲಕ್ಕೆ ನೀರಿನಡಿ ಪದರ ಪದರವಾಗಿ ಕೂತ ಕೆಸರು ಎಂದರು. ಮನೆಗೆ ಹೋದಾಗ ಅದನ್ನು ಅಮ್ಮನಿಗೆ ಹೇಳಿದೆ. "ಸುಮ್ಕಿರೇ, ಗುಡ್ಡದ ಮೇಲೆ ಕೆಸರಂತೆ" ಅಂದಳು. ಒಂದಿಷ್ಟು ಹೊತ್ತು ಬಿಟ್ಟು, "ಅದೆಂಗೆ ಮೇಲಕ್ಕೆ ಬಂತು?" ಎಂದು ತಾನೇ ಕೇಳಿದಳು.

ಎಂಎಸ್ಸಿ ಮುಗಿದ ಮೇಲೆ ತುಮಕೂರಿನ ಮೇಡಂ ಹೇಳಿದ್ದೆಲ್ಲ ಒಂದೂ ತಪ್ಪದೆ ನಡೆಯಿತು. ಹುದ್ದೆ ಕರೆಯಲಿಲ್ಲ. ಒಂದು ಗಣಿ ಕಂಪನಿಯವರು ಸಂದರ್ಶನದಲ್ಲಿ ಕಲ್ಲಿನ ಬಗ್ಗೆ ಕೇಳಲೇ ಇಲ್ಲ, ಮದುವೆ ಯಾವಾಗ ಎಂದು ಕೇಳಿದರು. ಆಗ ಕೈ ಹಿಡಿದದ್ದು ಮ್ಯಾತ್ಸ್. ತಿಪಟೂರಿನ ಖಾಸಗಿ ಪಿಯು ಕಾಲೇಜೊಂದರಲ್ಲಿ ಗಣಿತ ಪಾಠ ಮಾಡಿದೆ. ಅತ್ತೆಯ ಮಾತಿಗೆ ಅಂದು ಮುಖ ಸಿಂಡರಿಸಿದ್ದವಳು ಅದರ ಸಂಬಳದಲ್ಲೇ ಊಟ ಮಾಡಿದೆ. ಆದರೆ ಅಲ್ಲೇ ಉಳಿಯುವ ಮನಸ್ಸು ಮಾಡಲಿಲ್ಲ. ಭಾನುವಾರ ಬಂತೆಂದರೆ ನೀರಿನ ಸರ್ವೆ ಮಾಡುತ್ತಿದ್ದ ಹಿರಿಯರೊಬ್ಬರ ಜೊತೆ ಗೂಟ ಹೊಡೆಯಲು ಹೋಗುತ್ತಿದ್ದೆ. ವರನ ಕಡೆಯವರು ನೋಡಲು ಬರುವ ಭಾನುವಾರವೂ ಹೋಗಿಬಿಟ್ಟಿದ್ದೆ ಒಂದು ಸಲ. ಅಮ್ಮನಿಗೆ ಅದರ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಆ ಹಿರಿಯರಿಗೆ ವಯಸ್ಸಾಗಿ ಅವರು ಕೆಲಸ ನಿಲ್ಲಿಸಿದಾಗ ಅವರ ಯಂತ್ರವನ್ನು ನಾನು ಕೊಂಡೆ. ಕಾಲೇಜು ಬಿಟ್ಟು ತಿಪಟೂರಿನಲ್ಲಿ ಒಂದು ಸಣ್ಣ ರೂಮು ಹಿಡಿದೆ. ಯಂತ್ರ ಕೆಟ್ಟರೆ ಅಪ್ಪನೇ ಬಿಚ್ಚಿ ರಿಪೇರಿ ಮಾಡುತ್ತಾನೆ. ಈಗ ತುರುವೇಕೆರೆಯಿಂದ ಹಿಡಿದು ಹುಳಿಯಾರಿನವರೆಗೆ ಜನ ನನ್ನನ್ನು ಪಾಯಿಂಟ್ ಮೇಡಂ ಎಂದು ಕರೆಯುತ್ತಾರೆ. ಮೊದಮೊದಲು ಬಂದವರು "ನಿಮ್ಮ ಯಜಮಾನ್ರು ಇಲ್ವಾ? ಪಾಯಿಂಟ್ ಮಾಡೋರು ಯಾರು?" ಎಂದು ಕೇಳುತ್ತಿದ್ದರು. ನಾನೇ ಎಂದರೆ ಕೆಲವರು ವಾಪಸು ಹೋಗಿದ್ದೂ ಉಂಟು. ಕೆಲವರು ಒಂದು ಕೈಯಲ್ಲಿ ತೆಂಗಿನಕಾಯಿಯವರನ್ನೂ ಇನ್ನೊಂದು ಕೈಯಲ್ಲಿ ನನ್ನನ್ನೂ ಹಿಡಿದು, ಇಬ್ಬರೂ ಒಂದೇ ಜಾಗ ತೋರಿಸಿದರೆ ಮಾತ್ರ ಕೊರೆಸುತ್ತಾರೆ. ನಾನು ಜಗಳಕ್ಕೆ ಹೋಗುವುದಿಲ್ಲ. ನನ್ನ ಅಂಕಿ ಏನು ಹೇಳುತ್ತದೋ ಅದನ್ನು ಹೇಳಿ ಬರುತ್ತೇನೆ.

ಈ ಕೆಲಸದಲ್ಲಿ ಕಷ್ಟದ್ದು ನೀರು ತೋರಿಸುವುದಲ್ಲ, ಇಲ್ಲಿ ಕೊರೆಸಬೇಡಿ ಅನ್ನುವುದು. ಕಳೆದ ಬೇಸಿಗೆಯಲ್ಲಿ ಒಬ್ಬರ ತೋಟದಲ್ಲಿ ಇಡೀ ದಿನ ನೋಡಿದೆ. ಎಲ್ಲೂ ಭರವಸೆ ಕಾಣಲಿಲ್ಲ. ಹಾಗೆಂದಾಗ ಆ ಯಜಮಾನರು, "ಒಂದ್ ಕಡೆ ತೋರ್ಸಿ ಹೋಗಿ ಮೇಡಂ, ನಮ್ ಅದೃಷ್ಟ ನೋಡ್ತೀವಿ" ಎಂದು ಕೇಳಿಕೊಂಡರು. ತೋರಿಸಲಿಲ್ಲ. ನನ್ನ ಲೆಕ್ಕವೂ ತಪ್ಪುತ್ತದೆ, ತಪ್ಪಿದಾಗ ಅವರ ತೋಟಕ್ಕೆ ಹೋಗಿ ಎದುರು ನಿಂತು ಹೇಳಿದ್ದೇನೆ. ಆದರೆ ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಹೇಳಲು ನಾನು ಇಷ್ಟು ವರ್ಷ ಓದಲಿಲ್ಲ.

ಈ ವರ್ಷ ಸರ್ಕಾರದಿಂದ ಹುದ್ದೆ ಕರೆಯುತ್ತಾರೆ ಎಂಬ ಸುದ್ದಿ ಇದೆ. ಕರೆದರೆ ಪರೀಕ್ಷೆ ಬರೆಯುತ್ತೇನೆ, ಪುಸ್ತಕಗಳ ಧೂಳು ಆಗಲೇ ಕೊಡವಿದ್ದೇನೆ. ಸಿಕ್ಕರೆ ಸಂತೋಷ, ಸಿಗದಿದ್ದರೆ ಕೈತುಂಬ ಕೆಲಸವಿದೆ. ನಾಳೆ ಬೆಳಗ್ಗೆ ಬಿಸಿಲೇರುವ ಮುಂಚೆ ನೊಣವಿನಕೆರೆ ಕಡೆಯ ಒಂದು ತೋಟದಲ್ಲಿ ನಾನಿರಬೇಕು. ಬ್ಯಾಟರಿ ಚಾರ್ಜಿಗೆ ಹಾಕಿದ್ದೇನೆ.